ಕತ್ರಿನಾ ನಂತರ ನ್ಯೂ ಆರ್ಲಿಯನ್ಸ್‌ನ ಚರ್ಚುಗಳು: ಕರೆಂಟು ಬರುವ ಮೊದಲೇ ವಾಪಸ್ ಬಂದವರ ಕಥೆ

ಗಲ್ಫ್_ತೀರ:
ಇನ್ನೊಂದು ಚರ್ಚೆಯಲ್ಲಿ ಒಬ್ಬರು "ನೆರೆ ಬಂದಾಗ ದೇವಸ್ಥಾನ, ಮಸೀದಿ, ಚರ್ಚು ಎಲ್ಲ ಅನ್ನ ಹಾಕೋಕೆ ಸರಿ, ಊರು ಮತ್ತೆ ಕಟ್ಟೋದು ಅವರ ಕೈಲಾಗೋ ಕೆಲಸ ಅಲ್ಲ" ಅಂತ ಬರೆದಿದ್ದರು. ನಾನು ಒಪ್ಪಲ್ಲ. ಉತ್ತರ ಉದ್ದ ಆಗುತ್ತದೆ, ಅದಕ್ಕೇ ಬೇರೆ ಚರ್ಚೆ ತೆರೆದಿದ್ದೇನೆ.

ನಾನಿರುವುದು ಅಮೆರಿಕದ ಲೂಸಿಯಾನಾದಲ್ಲಿ, ನ್ಯೂ ಆರ್ಲಿಯನ್ಸ್ ಇರುವ ರಾಜ್ಯದಲ್ಲಿ. ಕ್ಯಾಥೊಲಿಕ್ ಅಲ್ಲ. ಆದರೆ ಇಲ್ಲಿ ಕತ್ರಿನಾ ಚಂಡಮಾರುತದ ಮಾತು ಬಂದರೆ ಒಂದು ಚರ್ಚಿನ ಹೆಸರು ಬಂದೇ ಬರುತ್ತದೆ: ಮೇರಿ ಕ್ವೀನ್ ಆಫ್ ವಿಯೆಟ್ನಾಂ.

2005ರ ಆಗಸ್ಟ್ 29ರಂದು ಕತ್ರಿನಾ ಬಂತು. ನ್ಯೂ ಆರ್ಲಿಯನ್ಸ್‌ನ ಸುಮಾರು ನೂರಕ್ಕೆ 80 ಭಾಗ ನೀರಲ್ಲಿ ನಿಂತಿತು. ಊರು ಹಾಳು ಮಾಡಿದ್ದು ಗಾಳಿಗಿಂತ ಜಾಸ್ತಿ ನೀರು. ಕಾಲುವೆಗಳ ದಂಡೆ, ತಡೆಗೋಡೆ ಎಲ್ಲ ಒಡೆದುಹೋದವು. ಊರಿನ ಪೂರ್ವ ತುದಿಯಲ್ಲಿ ವಿಯೆಟ್ನಾಂ ಮೂಲದವರ ಒಂದು ಬಡಾವಣೆ ಇದೆ, ಜನ ಅದನ್ನು ವರ್ಸೇಲ್ಸ್ ಅಂತ ಕರೆಯುತ್ತಾರೆ. ಇಲ್ಲಿಯವರಲ್ಲಿ ಬಹಳ ಜನ ಉತ್ತರ ವಿಯೆಟ್ನಾಮಿನ ಕ್ಯಾಥೊಲಿಕ್ ಹಳ್ಳಿಗಳವರು. 1954ರಲ್ಲಿ ದೇಶ ಎರಡು ಭಾಗ ಆದಾಗ ಒಮ್ಮೆ ಎಲ್ಲ ಬಿಟ್ಟು ದಕ್ಷಿಣಕ್ಕೆ ಓಡಿದರು, 1975ರಲ್ಲಿ ಸೈಗಾನ್ ಬಿದ್ದಾಗ ಇನ್ನೊಮ್ಮೆ ಎಲ್ಲ ಬಿಟ್ಟು ಅಮೆರಿಕಕ್ಕೆ ಬಂದರು. ನ್ಯೂ ಆರ್ಲಿಯನ್ಸ್‌ನ ಆಗಿನ ಆರ್ಚ್‌ಬಿಷಪ್ ಫಿಲಿಪ್ ಹನ್ನನ್ ಈ ಜನರನ್ನು ತಮ್ಮ ಊರಿಗೆ ಕರೆದರು, ಕ್ಯಾಥೊಲಿಕ್ ಚಾರಿಟೀಸ್ ಸಂಸ್ಥೆ ಮನೆ ಮಾಡಿಸಿಕೊಟ್ಟಿತು.

ಮೂರನೇ ಸಲ ಓಡೋಕೆ ಅವರು ತಯಾರಿರಲಿಲ್ಲ.

ಈ ಬಡಾವಣೆಯ ಚರ್ಚೇ ಮೇರಿ ಕ್ವೀನ್ ಆಫ್ ವಿಯೆಟ್ನಾಂ, ಆಗ ಅದರ ಗುರುಗಳು ಫಾದರ್ ವಿಯೆನ್ ನುಯೆನ್. ಹ್ಯೂಸ್ಟನ್‌ನಂಥ ಊರುಗಳಲ್ಲಿ ಚದುರಿಹೋಗಿದ್ದ ತಮ್ಮ ಜನರನ್ನು ಹುಡುಕಿಕೊಂಡು ಹೋದರು. ಅಕ್ಟೋಬರಿನಲ್ಲಿ ಒಂದಿಷ್ಟು ಜನ ವಾಪಸ್ ಬಂದರು. ಕರೆಂಟಿಲ್ಲ, ಕುಡಿಯೋಕೆ ನೀರಿಲ್ಲ, ಅಂಗಡಿ ಇಲ್ಲ. ಹಗಲು ಮನೆ ತೊಳೆಯೋದು, ರಾತ್ರಿ ಚರ್ಚಿನ ಕಟ್ಟಡದಲ್ಲಿ ಮಲಗೋದು, ಅಡುಗೆ ಒಟ್ಟಿಗೆ. ಅಕ್ಟೋಬರ್ 9ರ ಭಾನುವಾರ ಪೂಜೆ ಶುರು ಮಾಡಿದರು. ಮೊದಲ ಪೂಜೆಗೆ ಕೆಲವು ನೂರು ಜನ, ತಿಂಗಳು ಮುಗಿಯುವ ಹೊತ್ತಿಗೆ ಸಾವಿರ ದಾಟಿತ್ತು. ಆ ಹೊತ್ತಿಗೆ ನಗರದ ದೊಡ್ಡವರು "ಪೂರ್ವದ ಬಡಾವಣೆಗಳನ್ನು ಮತ್ತೆ ಕಟ್ಟಬೇಕಾ ಬೇಡವಾ" ಅಂತ ಸಭೆ ಸೇರುತ್ತಿದ್ದರು. ಇವರು ಸಭೆಯ ತೀರ್ಮಾನಕ್ಕೆ ಕಾಯಲಿಲ್ಲ, ಅಷ್ಟೇ.

ಬಯಲುಸೀಮೆ_ರಂಗ:
ಕಥೆ ಚೆನ್ನಾಗಿದೆ. ಆದರೆ ಪೂಜೆ ಮಾಡಿದ ಮಾತ್ರಕ್ಕೆ ಊರು ಎದ್ದು ನಿಲ್ಲುತ್ತಾ ಸರ್? ಕರೆಂಟು ಯಾರು ಕೊಟ್ಟರು?

ಗಲ್ಫ್_ತೀರ:
ಒಳ್ಳೇದಾಯ್ತು ಕೇಳಿದ್ದು, ನನಗೆ ಈ ಕಥೆಯಲ್ಲಿ ಇಷ್ಟವಾದ ಭಾಗವೇ ಅದು.

ಕರೆಂಟು ಕೊಡುವುದು ಎಂಟರ್ಜಿ ಅನ್ನುವ ಖಾಸಗಿ ಕಂಪನಿ. ಅದರ ನ್ಯೂ ಆರ್ಲಿಯನ್ಸ್ ಘಟಕ ಕತ್ರಿನಾ ಆದ ಮುಂದಿನ ತಿಂಗಳೇ ದಿವಾಳಿ ಅರ್ಜಿ ಹಾಕಿತ್ತು. ಬಿಲ್ ಕಟ್ಟುವವರೇ ಇಲ್ಲದ ಕಡೆ ಲೈನ್ ಎಳೆಯೋಕೆ ಅವರಿಗೂ ದುಡ್ಡಿಲ್ಲ. "ಅಲ್ಲಿ ಜನ ಇದ್ದಾರೆ ಅನ್ನೋಕೆ ಏನು ಸಾಕ್ಷಿ?" ಅನ್ನೋದು ಅವರ ಪ್ರಶ್ನೆ. ಫಾದರ್ ಪೂಜೆಗೆ ಬಂದ ಜನರ ಫೋಟೋ ತೆಗೆದು ತೋರಿಸಿದರು. ಕಂಪನಿಯವರು ಹೆಸರು, ವಿಳಾಸ ಬೇಕು ಅಂದರು. 500ಕ್ಕೂ ಹೆಚ್ಚು ಹೆಸರಿನ ಪಟ್ಟಿ ಕೊಟ್ಟರು. ನವೆಂಬರ್ ಮೊದಲ ದಿನಗಳಲ್ಲಿ ದೀಪ ಹತ್ತಿತು. ಸುತ್ತಮುತ್ತ ಎಲ್ಲ ಇನ್ನೂ ಕತ್ತಲೆ.

ಪಾಲಿಕೆ, ಕರೆಂಟ್ ಕಂಪನಿ, ಕೇಂದ್ರ ಸರ್ಕಾರ, ಯಾರ ಹತ್ತಿರವೂ ಆ ಹೊತ್ತಿಗೆ "ಯಾರು ಎಲ್ಲಿದ್ದಾರೆ" ಅನ್ನುವ ಪಟ್ಟಿ ಇರಲಿಲ್ಲ. ಚರ್ಚಿನ ಹತ್ತಿರ ಇತ್ತು. ಅನ್ನ ಹಾಕುವುದು ದೊಡ್ಡದೇ, ಆದರೆ ಈ ಪಟ್ಟಿ ಅದಕ್ಕಿಂತ ದೊಡ್ಡದು ಅಂತ ನನ್ನ ಲೆಕ್ಕ.

ಬೆಂದೂರು_ಬಾಯಿ:
ಮಂಗಳೂರು ಕಡೆಯವರಿಗೆ ಇದು ಪೂರ್ತಿ ಅರ್ಥ ಆಗುತ್ತೆ. ನಮ್ಮ ಒಂದೊಂದು ಇಗರ್ಜಿಗೂ ವಾರ್ಡುಗಳಿರುತ್ತವೆ, ವಾಳೆ ಅಂತೀವಿ, ವಾರ್ಡಿಗೊಬ್ಬರು ಗುರಿಕಾರರು. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಮಗ ದುಬೈಯಲ್ಲಿ, ಯಾರ ಮನೆ ಹೆಂಚು ಸೋರುತ್ತೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಗುರಿಕಾರರಿಗೆ ಗೊತ್ತು. ನಮ್ಮ ವಾರ್ಡಿನ ಗುರಿಕಾರರ ಹತ್ತಿರ ಇರುವ ನೋಟ್‌ಬುಕ್ ಮುಂದೆ ಸರ್ಕಾರದ ಸಮೀಕ್ಷೆ ಏನೂ ಅಲ್ಲ. ಸಾವಾದರೆ ಪೆಟ್ಟಿಗೆ ತರುವುದರಿಂದ ಹಿಡಿದು ಎಲ್ಲ ಅವರ ಮೂಲಕವೇ ಆಗುತ್ತೆ.

ವಿಯೆಟ್ನಾಂನವರಲ್ಲೂ ಹೀಗೆ ಇದೆಯಾ?

ಗಲ್ಫ್_ತೀರ:
ಇದೆ ಮೇಡಂ. ಆ ಚರ್ಚಿನ ವ್ಯಾಪ್ತಿಯನ್ನೂ ವಲಯಗಳಾಗಿ ಮಾಡಿ, ವಲಯಕ್ಕೊಬ್ಬ ಮುಖಂಡರನ್ನು ಇಟ್ಟಿದ್ದರು. ಹಳ್ಳಿಯಲ್ಲಿದ್ದ ಪದ್ಧತಿಯನ್ನೇ ತಂದಿದ್ದು. ಜನ ಚದುರಿದಾಗ ಫೋನ್ ಮೇಲೆ ಫೋನ್ ಮಾಡಿ ಯಾರು ಎಲ್ಲಿದ್ದಾರೆ ಅಂತ ಪತ್ತೆ ಹಚ್ಚೋಕೆ ಇದೇ ದಾರಿ ಆಯ್ತು.

ಪ್ರಶ್ನೆ_ಪ್ರಕಾಶ:
ಒಂದು ಕಟು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು "ನಮ್ಮವರಿಗೆ ನಾವು" ಅನ್ನುವ ಕಥೆ. ಪಕ್ಕದ ಬೀದಿಯ ಕಪ್ಪು ಜನರ ಗತಿ ಏನಾಯ್ತು? ಅವರೂ ಅದೇ ನೀರಲ್ಲಿ ಮುಳುಗಿದವರೇ ಅಲ್ವಾ? ಅವರು ಯಾಕೆ ಅಷ್ಟು ಬೇಗ ಬರಲಿಲ್ಲ? ಪತ್ರಿಕೆಗಳು ಆಗ "ವಿಯೆಟ್ನಾಂನವರು ಕಷ್ಟಪಟ್ಟು ಬಂದರು" ಅಂತ ಹೊಗಳಿದ್ದರ ಹಿಂದೆ "ಉಳಿದವರು ಸೋಮಾರಿಗಳು" ಅನ್ನುವ ಧಾಟಿ ಇತ್ತು ಅಂತ ಓದಿದ್ದೀನಿ.

ಗಲ್ಫ್_ತೀರ:
ಬೇಜಾರು ಏನಿಲ್ಲ, ಸರಿಯಾದ ಪ್ರಶ್ನೆ. ಆ ಧಾಟಿ ಇತ್ತು, ಅದು ಅನ್ಯಾಯದ ಧಾಟಿ. ಕಾರಣ ಸೋಮಾರಿತನ ಅಲ್ಲ. ಮನೆ ಕಟ್ಟೋಕೆ ಲೂಸಿಯಾನಾ ಸರ್ಕಾರ ಕೊಟ್ಟ "ರೋಡ್ ಹೋಮ್" ಸಹಾಯಧನದ ಲೆಕ್ಕ ನೋಡಿ. ಚಂಡಮಾರುತದ ಮೊದಲು ಮನೆಗೆ ಇದ್ದ ಬೆಲೆ, ರಿಪೇರಿಗೆ ಆಗುವ ಖರ್ಚು, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಹಿಡಿದು ಲೆಕ್ಕ ಹಾಕಿದರು. ಒಂದೇ ಅಳತೆಯ ಮನೆ, ಒಂದೇ ಖರ್ಚು. ಆದರೆ ಕಪ್ಪು ಜನರ ಬಡಾವಣೆಯಲ್ಲಿ ಮನೆಯ ಮಾರುಕಟ್ಟೆ ಬೆಲೆ ಮೊದಲೇ ಕಡಿಮೆ, ಹಾಗಾಗಿ ಕೈಗೆ ಬಂದ ದುಡ್ಡೂ ಕಡಿಮೆ. 2008ರಲ್ಲಿ ಇದರ ಮೇಲೆ ಕೇಸು ಹಾಕಿದರು, 2011ರಲ್ಲಿ ರಾಜಿ ಆಯ್ತು. ಬಾಡಿಗೆ ಮನೆಯವರಿಗಂತೂ ಮನೆ ಮಾಲೀಕ ಕಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆದರೆ "ನಮ್ಮವರಿಗೆ ನಾವು" ಅಂತ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಕಥೆ ಹೇಳಿದ ಹಾಗೆ. 2006ರ ಫೆಬ್ರವರಿಯಲ್ಲಿ ಮೇಯರ್ ರೇ ನೇಗಿನ್ ತುರ್ತು ಅಧಿಕಾರ ಬಳಸಿ ಶೆಫ್ ಮೆಂಟೂರ್ ಹೆದ್ದಾರಿ ಪಕ್ಕ, ಇವರ ಮನೆಗಳಿಂದ 2 ಮೈಲಿಯೂ ದೂರ ಇಲ್ಲದ ಕಡೆ, ಚಂಡಮಾರುತದ ಕಸ ಸುರಿಯೋಕೆ ಅನುಮತಿ ಕೊಟ್ಟರು. ಒಡೆದ ಮನೆಗಳ ಗೋಡೆ, ಬೂಷ್ಟು ಹಿಡಿದ ಹಾಸಿಗೆ, ರಾಸಾಯನಿಕ ಡಬ್ಬ, ಎಲ್ಲ. ಕೆಳಗೆ ಜಲನಿರೋಧಕ ಹಾಸು ಕೂಡ ಇಲ್ಲ. ಪಕ್ಕದಲ್ಲೇ ವನ್ಯಜೀವಿ ಧಾಮ. ಆ ಬಡಾವಣೆಯ ಅಜ್ಜಿಯರು ಕಾಲುವೆ ದಡದಲ್ಲಿ ಸೊಪ್ಪು ತರಕಾರಿ ಬೆಳೆದು ಶನಿವಾರ ನಸುಕಿಗೆ ಸಂತೆಯಲ್ಲಿ ಮಾರುವವರು, ಕಾಲುವೆ ನೀರು ಕೆಟ್ಟರೆ ಎಲ್ಲ ಕೆಟ್ಟಂತೆ.

ಚರ್ಚಿನವರು, ಪೂರ್ವ ಭಾಗದ ಕಪ್ಪು ನಿವಾಸಿಗಳು, ಪರಿಸರದವರು ಒಟ್ಟಿಗೆ ಬೀದಿಗಿಳಿದರು. ಅದುವರೆಗೆ ಪಾಲಿಕೆ ಮೆಟ್ಟಿಲು ಹತ್ತದ ವಯಸ್ಸಾದವರು ಫಲಕ ಹಿಡಿದು ನಿಂತರು. 2006ರ ಆಗಸ್ಟಿನಲ್ಲಿ ಅದು ಮುಚ್ಚಿತು. ಕಪ್ಪು ಜನರ ಚರ್ಚುಗಳ ಜೊತೆ ಇವರು ಮೊದಲ ಸಲ ಒಂದೇ ಮೇಜಿಗೆ ಕೂತಿದ್ದು ಇಂಥ ಕಾರಣಗಳಿಂದಲೇ, ಪ್ರೀತಿಯಿಂದಲ್ಲ ಅಂತ ಇಲ್ಲಿಯವರೇ ನಗುತ್ತಾ ಹೇಳುತ್ತಾರೆ.

ಸುಮ್ನೆ_ಓದ್ತೀನಿ:
ನಾನು ಯಾವತ್ತೂ ಬರೆಯಲ್ಲ, ಆದರೆ ಈ ಕಾಲುವೆ ದಡದ ತರಕಾರಿ ವಿಷಯ ಇನ್ನೂ ಸ್ವಲ್ಪ ಬರೀರಿ ಸರ್. ಏನೇನು ಬೆಳೀತಾರೆ?

ಗಲ್ಫ್_ತೀರ:
ಹಾಗಲ, ಸೋರೆ, ಕೆಸು, ನಿಂಬೆಹುಲ್ಲು, ಹತ್ತಾರು ಥರ ಸೊಪ್ಪು. ನಮ್ಮ ಸಂತೆ ಥರವೇ, ಚೌಕಾಸಿ ಮಾತ್ರ ವಿಯೆಟ್ನಾಮೀ ಭಾಷೆಯಲ್ಲಿ. ಬೆಳಿಗ್ಗೆ ತಡ ಮಾಡಿದರೆ ಏನೂ ಸಿಗಲ್ಲ.

ಧರ್ಮಸೂಕ್ಷ್ಮ:
ಸಹಾಯ ಮಾಡುತ್ತಾ ಮಾಡುತ್ತಾ ಮತಾಂತರ ಮಾಡೋದು ಇದ್ದೇ ಇರುತ್ತಲ್ಲ. ಅದರ ಬಗ್ಗೆ ಯಾಕೆ ಯಾರೂ ಮಾತಾಡ್ತಿಲ್ಲ?

ಬೆಂದೂರು_ಬಾಯಿ:
ಬಂತಪ್ಪ, ಇನ್ನೂ ಯಾಕೆ ಬರಲಿಲ್ಲ ಅಂದ್ಕೊಂಡಿದ್ದೆ.

ಗಲ್ಫ್_ತೀರ:
ವರ್ಸೇಲ್ಸ್‌ನವರು ತಲೆತಲಾಂತರದಿಂದ ಕ್ಯಾಥೊಲಿಕ್ಕರು, ಅವರನ್ನು ಯಾರು ಎಲ್ಲಿಗೆ ಮತಾಂತರ ಮಾಡೋದು? ಇನ್ನು ಕ್ಯಾಥೊಲಿಕ್ ಚಾರಿಟೀಸ್ ಥರದ ಸಂಸ್ಥೆಗಳು ಇಲ್ಲಿ ಸರ್ಕಾರದ ದುಡ್ಡನ್ನೂ ಪಡೆಯುತ್ತವೆ. ಆ ದುಡ್ಡಿನಲ್ಲಿ ಪೂಜೆ, ಪ್ರಚಾರ ಮಾಡುವ ಹಾಗಿಲ್ಲ, ಧರ್ಮ ನೋಡಿ ಸಹಾಯ ನಿರಾಕರಿಸುವ ಹಾಗೂ ಇಲ್ಲ. ಕತ್ರಿನಾ ನಂತರ ಅವರ ಸ್ವಯಂಸೇವಕರು ಬಂದು ಸ್ವಚ್ಛ ಮಾಡಿದ ಮನೆಗಳಲ್ಲಿ ಬ್ಯಾಪ್ಟಿಸ್ಟ್ ಅನ್ನುವ ಬೇರೆ ಕ್ರೈಸ್ತ ಪಂಗಡದವರ ಮನೆಗಳು ಎಷ್ಟೋ. ಇದಕ್ಕಿಂತ ಹೆಚ್ಚು ಈ ವಿಷಯ ಇಲ್ಲಿ ಬೇಡ, ಬೇಕಾದರೆ ಬೇರೆ ಚರ್ಚೆ ತೆರೆಯಿರಿ.

ಜಾಝ್_ಜಯಂತ:
ಎಲ್ಲರೂ ಚರ್ಚನ್ನು ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಉಪ್ಪು ಹಾಕುತ್ತೇನೆ. ಟ್ರೆಮೆ ಅನ್ನೋದು ಅದೇ ಊರಿನ ಹಳೆಯ ಕಪ್ಪು ಜನರ ಬಡಾವಣೆ, ಜಾಝ್ ಸಂಗೀತದ ಬೇರು ಇರುವ ಜಾಗ. ಅಲ್ಲಿ ಸಂತ ಅಗಸ್ಟಿನ್ ಚರ್ಚಿದೆ. 1840ರ ದಶಕದ್ದು. ಗುಲಾಮಗಿರಿ ಇದ್ದ ಕಾಲದಲ್ಲಿ ಅಲ್ಲಿಯ ಸ್ವತಂತ್ರ ಕಪ್ಪು ಕುಟುಂಬಗಳು ಚರ್ಚಿನ ಬೆಂಚುಗಳನ್ನು ದುಡ್ಡು ಕೊಟ್ಟು ಹಿಡಿದವು. ತಮಗೆ ಮಾತ್ರ ಅಲ್ಲ, ಗುಲಾಮರು ಕೂರೋಕೂ ಒಂದಿಷ್ಟು ಹಿಡಿದುಕೊಟ್ಟವು. ಅಂಗಳದಲ್ಲಿ ಹೆಸರಿಲ್ಲದ ಗುಲಾಮನ ಸಮಾಧಿ ಅಂತ ದಪ್ಪ ಸರಪಳಿಯ ಶಿಲುಬೆ ಇದೆ.

ಕತ್ರಿನಾ ಆಗಿ ಏಳು ತಿಂಗಳೂ ತುಂಬಿರಲಿಲ್ಲ. ಧರ್ಮಪ್ರಾಂತ್ಯ, ಅಂದರೆ ಬಿಷಪ್ಪರ ಆಡಳಿತ, ಇದೇ ಚರ್ಚಿನ ಧರ್ಮಕೇಂದ್ರವನ್ನು (ಒಂದು ಚರ್ಚಿಗೆ ಸೇರಿದ ಜನರ ಸ್ಥಳೀಯ ಘಟಕ) ಮುಚ್ಚಿತು. ಜನ ಕಡಿಮೆ, ಖರ್ಚು ಜಾಸ್ತಿ ಅನ್ನೋದು ಕಾರಣ. ಅಲ್ಲಿ ಬಹಳ ಕಾಲ ಇದ್ದ ಫಾದರ್ ಜೆರೋಮ್ ಲೆಡೂ ಅವರನ್ನು ಬದಲಿಸಿದರು. ಜನ ಸುಮ್ಮನಿರಲಿಲ್ಲ. ಹೊರಗಿಂದ ಬಂದ ಸ್ವಯಂಸೇವಕ ಹುಡುಗರೂ ಸೇರಿ ಗುರುಗಳ ಮನೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡು ಕೂತರು. 2006ರ ಏಪ್ರಿಲಿನಲ್ಲಿ ಆರ್ಚ್‌ಬಿಷಪ್ ಆಲ್ಫ್ರೆಡ್ ಹ್ಯೂಸ್ ಪಟ್ಟು ಸಡಿಲಿಸಿ ಇನ್ನೊಂದು ಅವಕಾಶ ಕೊಟ್ಟರು. ಚರ್ಚು ಇವತ್ತಿಗೂ ಇದೆ.

2008ರಲ್ಲಿ ಇನ್ನೊಂದು ಸುತ್ತು. ಗುಡ್ ಕೌನ್ಸೆಲ್, ಸಂತ ಹೆನ್ರಿ ಅನ್ನುವ ಎರಡು ಧರ್ಮಕೇಂದ್ರಗಳನ್ನು ಮುಚ್ಚಿದರು. ಅಲ್ಲಿಯವರು ತಿಂಗಳುಗಟ್ಟಲೆ ಹಗಲೂ ರಾತ್ರಿ ಚರ್ಚಿನೊಳಗೇ ಇದ್ದರು. 2009ರ ಜನವರಿಯಲ್ಲಿ ಪೊಲೀಸರು ಬಂದು ಹೊರಗೆ ಹಾಕಿದರು. ಮನೆ ಮತ್ತೆ ಕಟ್ಟಿಕೊಂಡು, ಪಕ್ಕದವರಿಗೂ ಹೆಗಲು ಕೊಟ್ಟು, ಕೊನೆಗೆ ತಮ್ಮದೇ ಚರ್ಚಿನಿಂದ ಪೊಲೀಸರ ಕೈಲಿ ಹೊರಗೆ. ಇದನ್ನೂ ಹೇಳಬೇಕು ಅಲ್ವಾ?

ಗಲ್ಫ್_ತೀರ:
ಹೇಳಲೇಬೇಕು. ಧರ್ಮಕೇಂದ್ರ ಬೇರೆ, ಧರ್ಮಪ್ರಾಂತ್ಯ ಬೇರೆ ಅನ್ನೋದು ಇಲ್ಲಿ ಗೊತ್ತಾಗುತ್ತದೆ. ಪಟ್ಟಿ ಜನರದ್ದು, ಬೀಗದ ಕೈ ಬಿಷಪ್ಪರದ್ದು. ಆದರೆ ಧರ್ಮಪ್ರಾಂತ್ಯದ ಕಡೆಯೂ ಒಂದು ಲೆಕ್ಕ ಇತ್ತು. ಎಷ್ಟೋ ಕಟ್ಟಡ ನೀರು ಕುಡಿದಿದ್ದವು, ವಿಮೆ ಪೂರ್ತಿ ಬರಲಿಲ್ಲ, ಜನ ಅರ್ಧಕ್ಕರ್ಧ ಊರಲ್ಲೇ ಇಲ್ಲ. ಎಲ್ಲ ಚರ್ಚನ್ನೂ ಉಳಿಸಿಕೊಳ್ಳೋದು ಆಗದ ಮಾತು. ಯಾವುದನ್ನು ಮುಚ್ಚಬೇಕು ಅನ್ನೋದನ್ನು ಜನರ ಜೊತೆ ಕೂತು ಮಾಡಲಿಲ್ಲ, ತಪ್ಪು ಅಲ್ಲಿದೆ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ_ಪ್ರಕಾಶ:
ಟ್ರೆಮೆ ಹತ್ತಿರದ ಲಫಿಟ್ ಸರ್ಕಾರಿ ವಸತಿಯನ್ನು ಕೆಡವಿ ಹೊಸದು ಕಟ್ಟಿದ್ದರಲ್ಲೂ ಕ್ಯಾಥೊಲಿಕ್ ಸಂಸ್ಥೆಗಳು ಸೇರಿ ಮಾಡಿದ ಪ್ರಾವಿಡೆನ್ಸ್ ಕಮ್ಯುನಿಟಿ ಹೌಸಿಂಗ್ ಇತ್ತು. ಕೆಡವಬೇಡಿ, ರಿಪೇರಿ ಮಾಡಿ ಅಂತ ನಿವಾಸಿಗಳು ಪಾಲಿಕೆ ಮುಂದೆ ಗಲಾಟೆ ಮಾಡಿದ್ದರು. 2007ರ ಡಿಸೆಂಬರಿನಲ್ಲಿ ಕೆಡವೋಕೆ ಮತ ಬಿತ್ತು. ಬಡವರಿಗೆ ಒಳ್ಳೆ ಮನೆ ಕೊಡ್ತೀವಿ ಅನ್ನೋ ಉದ್ದೇಶವೇ ಇರಬಹುದು. ಆದರೆ ಕಟ್ಟಿ ಮುಗಿಸೋಕೆ ವರ್ಷಗಳೇ ಬೇಕು, ಅಷ್ಟರಲ್ಲಿ ಬಡವ ಬೇರೆ ಊರಲ್ಲಿ ಬೇರು ಬಿಟ್ಟಿರುತ್ತಾನೆ. ವರ್ಸೇಲ್ಸ್‌ನವರಿಗೆ ಸ್ವಂತ ಮನೆ ಇತ್ತು, ಅದಕ್ಕೇ ವಾಪಸ್ ಬರೋಕೆ ಆಯ್ತು. ಇದನ್ನು ಮರೆಯಬೇಡಿ.

ಗಲ್ಫ್_ತೀರ:
ಸ್ವಂತ ಮನೆಯ ಮಾತು ನಿಜ, ದೊಡ್ಡ ಕಾರಣವೇ ಅದು. ಆದರೆ ಸ್ವಂತ ಮನೆ ಇದ್ದೂ ವರ್ಷಗಟ್ಟಲೆ ಬರಲಾಗದವರು ಅದೇ ಪೂರ್ವ ಭಾಗದಲ್ಲಿ ಎಷ್ಟೋ ಜನ ಇದ್ದರಲ್ಲ. ಮನೆ ಇದ್ದರಷ್ಟೇ ಸಾಲದು, ಪಕ್ಕದ ಮನೆಯವನೂ ಬರುತ್ತಾನೆ ಅನ್ನೋ ನಂಬಿಕೆ ಬೇಕು.

ನರ್ಸಮ್ಮ_ಹ್ಯೂಸ್ಟನ್:
ಒಬ್ಬರಾದರೂ ಅದೇ ಊರಿನ ಕ್ಸೇವಿಯರ್ ವಿಶ್ವವಿದ್ಯಾಲಯದ ಹೆಸರು ತೆಗೀತೀರಿ ಅಂತ ಕಾಯ್ತಾ ಇದ್ದೆ. ಕಪ್ಪು ವಿದ್ಯಾರ್ಥಿಗಳಿಗಾಗಿ ಸಂತ ಕ್ಯಾಥರಿನ್ ಡ್ರೆಕ್ಸೆಲ್ ಶುರು ಮಾಡಿದ ಕ್ಯಾಥೊಲಿಕ್ ಕಾಲೇಜು ಅದು. ಪೂರ್ತಿ ಮುಳುಗಿತ್ತು. ಅಧ್ಯಕ್ಷ ನಾರ್ಮನ್ ಫ್ರಾನ್ಸಿಸ್ ಜನವರಿಗೆ ತೆರೀತೀವಿ ಅಂದರು, 2006ರ ಜನವರಿಯಲ್ಲಿ ತೆರೆದೇ ಬಿಟ್ಟರು. ಇಡೀ ಲೂಸಿಯಾನಾದ ಪುನರ್ನಿರ್ಮಾಣ ಮಂಡಳಿಗೂ ಅವರೇ ಅಧ್ಯಕ್ಷರು.

ಇನ್ನು 2021ರ ಐಡಾ ಚಂಡಮಾರುತದ ಬಗ್ಗೆ. ಅದೇ ಆಗಸ್ಟ್ 29ಕ್ಕೇ ಬಂತು ನೋಡಿ, ಹದಿನಾರು ವರ್ಷದ ನಂತರ. ಈ ಸಲ ನಗರದ ತಡೆಗೋಡೆ ನಿಂತಿತು. ಆದರೆ ಮಿಸಿಸಿಪ್ಪಿ ನದಿ ದಾಟಿಸುವ ಕರೆಂಟಿನ ದೊಡ್ಡ ಗೋಪುರ ಬಿದ್ದು ಇಡೀ ನ್ಯೂ ಆರ್ಲಿಯನ್ಸ್ ಕತ್ತಲಾಯ್ತು. ಲೂಸಿಯಾನಾದ ಹೂಮಾ, ಲಫೋರ್ಷ್ ಕಡೆ ಗಾಳಿ ಚಾವಣಿಗಳನ್ನೇ ಎತ್ತಿಕೊಂಡು ಹೋಯ್ತು. ಹ್ಯೂಸ್ಟನ್‌ನಿಂದ ನಾವು ಕೆಲವರು ಹೂಮಾ ಕಡೆಯ ಒಂದು ಚರ್ಚಿಗೆ ಸಾಮಾನು ತಗೊಂಡು ಹೋಗಿದ್ದೆವು. ಅಲ್ಲಿ ಕಲಿತದ್ದು ಬರೀತೀನಿ, ಯಾರಿಗಾದರೂ ಉಪಯೋಗ ಆಗಬಹುದು.

ಹಳೇ ಬಟ್ಟೆ ಕಳಿಸಬೇಡಿ. ದಯವಿಟ್ಟು. ಚರ್ಚಿನ ಹಾಲಿನ ಅರ್ಧ ಜಾಗ ಹಳೇ ಬಟ್ಟೆ ಮೂಟೆ ತಿಂದಿತ್ತು, ಅದನ್ನು ವಿಂಗಡಿಸೋಕೇ ಜನ ಬೇಕಾಯ್ತು. ಬೇಕಾಗಿದ್ದು ಟಾರ್ಪಾಲು, ಮೊಳೆ, ಬ್ಲೀಚ್, ದಪ್ಪ ಕೈಗವಸು, ಡೈಪರ್, ಸೊಳ್ಳೆ ಔಷಧಿ, ಐಸು. ಚರ್ಚಿನ ಅಂಗಳದಲ್ಲಿ ಬೆಳಿಗ್ಗೆಯಿಂದ ಕಾರುಗಳ ಸಾಲು. ಯಾರೂ ಇಳಿಯಲ್ಲ, ಡಿಕ್ಕಿ ತೆಗೀತಾರೆ, ಹುಡುಗರು ಸಾಮಾನು ಇಟ್ಟು ಮುಂದೆ ಕಳಿಸ್ತಾರೆ. ನೀವು ಯಾವ ಚರ್ಚಿನವರು ಅಂತ ಕೇಳಿದ್ದು ನಾನು ನೋಡಲಿಲ್ಲ.

ನೀರು ನುಗ್ಗಿದ ಮನೆ ಇದ್ದರೆ ಮೊದಲ ಕೆಲಸ ಒಳಗೋಡೆ ಕೀಳೋದು. ಇಲ್ಲಿಯ ಮನೆ ಗೋಡೆ ನಮ್ಮ ಥರ ಇಟ್ಟಿಗೆ ಅಲ್ಲ, ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ. ನೀರು ಎಲ್ಲಿವರೆಗೆ ನಿಂತಿತ್ತೋ ಅದಕ್ಕಿಂತ ಮೇಲಕ್ಕೂ ಹಲಗೆ ನೀರು ಎಳೆದುಕೊಂಡಿರುತ್ತೆ, ಅಷ್ಟನ್ನೂ ಕತ್ತರಿಸಿ ತೆಗೀಬೇಕು, ಒಳಗಿನ ಹತ್ತಿಯಂಥ ಪದರ ತೆಗೀಬೇಕು, ಮರ ಒಣಗೋಕೆ ಬಿಡಬೇಕು. ಎರಡು ಮೂರು ದಿನದಲ್ಲೇ ಬೂಷ್ಟು ಶುರು. ಫ್ರಿಜ್ ಬಾಗಿಲು ಮಾತ್ರ ತೆಗೀಬೇಡಿ, ಟೇಪ್ ಸುತ್ತಿ ಹಾಗೇ ಹೊರಗೆ. ಒಬ್ಬ ಹುಡುಗ ಹೇಳಿದ ಮಾತು ಕೇಳದೆ ತೆಗೆದ, ಆಮೇಲೆ ಆ ದಿನ ಊಟ ಮಾಡಲಿಲ್ಲ.

ಜನರೇಟರನ್ನು ಮನೆಯೊಳಗೆ, ಕಿಟಕಿ ಪಕ್ಕ, ಗ್ಯಾರೇಜಲ್ಲಿ ಇಡಲೇಬೇಡಿ. ಐಡಾ ಹೋದ ಮೇಲೆ ಜನರೇಟರ್ ಹೊಗೆಗೆ, ಸೆಖೆಗೆ ಸತ್ತವರಿದ್ದಾರೆ. ಎಲ್ಲ ಮುಗೀತು ಅಂದ್ಕೊಂಡ ಮೇಲೆ ಸಾವು ಬರೋದು ಹೀಗೆ. ವಯಸ್ಸಾದವರ ಮನೆ ಬಾಗಿಲು ಬಡಿದು ನೋಡೋಕೆ ಯಾರಾದರೂ ಬೇಕು, ಅಲ್ಲಿ ಚರ್ಚಿನ ಸಂತ ವಿನ್ಸೆಂಟ್ ಪಾವ್ಲ್ ಸಭೆಯವರು ಆ ಕೆಲಸ ಮಾಡ್ತಿದ್ದರು.

ಬಯಲುಸೀಮೆ_ರಂಗ:
ಅಕ್ಕ, ಇದು ಉಪಯೋಗದ ಮಾತು. ಒಂದು ಡೌಟು. ಚರ್ಚಿನ ಕಟ್ಟಡವೇ ಬಿದ್ದರೆ ಸರ್ಕಾರ ದುಡ್ಡು ಕೊಡುತ್ತಾ?

ಗಲ್ಫ್_ತೀರ:
ಕತ್ರಿನಾ ಕಾಲದಲ್ಲಿ ಪೂಜೆ ನಡೆಯುವ ಕಟ್ಟಡಕ್ಕೆ ಇಲ್ಲ. ಚರ್ಚಿನವರು ನಡೆಸುವ ಶಾಲೆಗೆ, ವೃದ್ಧಾಶ್ರಮಕ್ಕೆ ಫೀಮಾದಿಂದ (ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ಸಿಗುತ್ತಿತ್ತು, ಚರ್ಚಿಗೆ ಅಲ್ಲ. ಒಂದೇ ಅಂಗಳ, ಒಂದೇ ನೀರು, ಶಾಲೆಗೆ ದುಡ್ಡು ಉಂಟು, ಪಕ್ಕದ ಚರ್ಚಿಗಿಲ್ಲ. 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಟೆಕ್ಸಾಸಿನ ಕೆಲವು ಚರ್ಚುಗಳು ಕೋರ್ಟಿಗೆ ಹೋದವು, 2018ರಲ್ಲಿ ನಿಯಮವೂ ಬದಲಾಯ್ತು, ಕಾನೂನೂ ಆಯ್ತು. ಈಗ ಚರ್ಚು, ಮಸೀದಿ, ದೇವಸ್ಥಾನ ಎಲ್ಲವೂ ಅರ್ಜಿ ಹಾಕಬಹುದು. ಸರ್ಕಾರಿ ದುಡ್ಡು ಪೂಜಾಸ್ಥಳಕ್ಕೆ ಹೋಗಬಾರದು ಅನ್ನುವವರೂ ಇದ್ದಾರೆ, ಅವರ ವಾದದಲ್ಲೂ ಹುರುಳಿದೆ. ನಾನಂತೂ ಎರಡು ಕಡೆಯೂ ಪೂರ್ತಿ ನಿಲ್ಲಲಾರೆ.

ಬೆಂದೂರು_ಬಾಯಿ:
ಕೊಡಗಿನಲ್ಲಿ 2018ರಲ್ಲಿ ಗುಡ್ಡ ಕುಸಿದಾಗಲೂ ದೇವಸ್ಥಾನ, ಮಸೀದಿ, ಚರ್ಚು ಎಲ್ಲ ಜನರಿಗೆ ಬಾಗಿಲು ತೆರೆದಿದ್ದವು, ನಮ್ಮ ಕಡೆಯಿಂದಲೂ ಅಕ್ಕಿ, ಕಂಬಳಿ ಹೋಯ್ತು. ಆದರೆ ಕಂಬಳಿ ಕೊಟ್ಟು ಬಂದ ಮೇಲೆ ನಾವು ಮರೆತುಬಿಟ್ಟೆವು. ವಾಪಸ್ ಹೋಗಿ "ನಿಮ್ಮ ಊರಲ್ಲಿ ಇನ್ನೂ ಯಾರಿಗೆ ಕರೆಂಟ್ ಬಂದಿಲ್ಲ" ಅಂತ ಕೇಳಿದವರು ಎಷ್ಟು ಜನ?

ನಾನು ಒಂದು ಯೋಚನೆ ಮಾಡಿದ್ದೀನಿ. ಮಳೆಗಾಲದ ಮೊದಲು ಇಗರ್ಜಿಯ ಪಾಲನಾ ಪರಿಷತ್ತಿನಲ್ಲಿ ಗುರಿಕಾರರ ನೋಟ್‌ಬುಕ್ ವಿಷಯ ಎತ್ತಬೇಕು. ಉಳ್ಳಾಲ, ಸೋಮೇಶ್ವರ ಕಡೆ 2021ರ ತೌಕ್ತೆಯಲ್ಲಿ ಕಡಲು ಮನೆಗಳನ್ನು ತಿಂದದ್ದು ಎಲ್ಲರೂ ನೋಡಿದ್ದೀವಿ. ವಾರ್ಡಿನ ಪಟ್ಟಿಯಲ್ಲಿ ನಮ್ಮ ಮನೆಗಳು ಮಾತ್ರ ಇವೆ, ನಡುವೆ ಇರುವ ಮೊಗವೀರರ, ಬ್ಯಾರಿಗಳ ಮನೆಗಳು ಇಲ್ಲ. ಅವರ ಭಜನಾ ಮಂದಿರ, ಜಮಾತ್‌ನವರ ಹತ್ತಿರ ಅವರ ಪಟ್ಟಿ ಇದ್ದೇ ಇರುತ್ತೆ. ಮೂರನ್ನೂ ಸೇರಿಸಿದರೆ ಬೀದಿ ಪೂರ್ತಿ ಆಗುತ್ತೆ. ಗಲ್ಫ್‌ತೀರ ಅವರೇ, ಪಟ್ಟಿಯಲ್ಲಿ ಏನೇನು ಇರಬೇಕು ಅಂತೀರಿ?

ನರ್ಸಮ್ಮ_ಹ್ಯೂಸ್ಟನ್:
ಅವರ ಬದಲು ನಾನು ಹೇಳ್ತೀನಿ ಬಾಯಿ. ಇನ್ಸುಲಿನ್ ತಗೊಳ್ಳುವವರು, ಡಯಾಲಿಸಿಸ್‌ಗೆ ಹೋಗುವವರು, ಮನೆಯಲ್ಲಿ ಆಕ್ಸಿಜನ್ ಯಂತ್ರ ಇಟ್ಟುಕೊಂಡವರು, ತಿಂಗಳು ತುಂಬಿದ ಬಸುರಿಯರು, ಒಬ್ಬರೇ ಇರುವ ಮುದುಕರು. ಹೊರ ಊರಲ್ಲಿರುವ ಒಬ್ಬ ನೆಂಟರ ಫೋನ್ ನಂಬರ್ ಕಡ್ಡಾಯ, ಯಾಕಂದ್ರೆ ಊರಿನ ಟವರ್ ಸತ್ತಾಗ ಊರೊಳಗಿನ ನಂಬರ್ ಇದ್ದೂ ಪ್ರಯೋಜನ ಇಲ್ಲ. ಫೋನಲ್ಲಿ ಮಾತ್ರ ಇಡಬೇಡಿ, ಕಾಗದದಲ್ಲಿ ಬರೆದು ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಎರಡು ಪ್ರತಿ. ಕಾಯಿಲೆ ವಿಷಯ ಎಲ್ಲರ ಕಣ್ಣಿಗೆ ಬೀಳಬಾರದು, ಬರೆಯುವ ಮೊದಲು ಒಪ್ಪಿಗೆ ಕೇಳಿ.

ಪ್ರಶ್ನೆ_ಪ್ರಕಾಶ:
ಮತ್ತೆ ಬಾಡಿಗೆ ಮನೆಯವರು. ಉತ್ತರ ಕರ್ನಾಟಕದಿಂದ, ಒಡಿಶಾದಿಂದ ಬಂದು ಮೀನುಗಾರಿಕೆ ದಕ್ಕೆಯಲ್ಲಿ ದುಡಿಯುವವರು ಯಾವ ಪಟ್ಟಿಯಲ್ಲೂ ಇರಲ್ಲ.

ಬೆಂದೂರು_ಬಾಯಿ:
ಅದು ಸರಿ. ಅವರ ಪಟ್ಟಿ ಯಾರ ಹತ್ತಿರ ಸಿಗುತ್ತೆ, ಬೋಟ್ ಮಾಲೀಕರ ಹತ್ತಿರವಾ? ದಕ್ಕೆ ಕಡೆ ಗೊತ್ತಿರುವವರು ಇಲ್ಲಿದ್ದರೆ ಹೇಳಿ.